ರಸ್ತೆ ಕಟ್ಟಿದ ಶನಿವಾರ

ಮಲ್ಲಯ್ಯ ಆ ಮಾತನ್ನು ಜಗಳಾಡಿ ಹೇಳಿದ್ದರೆ ಕನಕರಾಯನಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಅವನು ಕಲ್ಮಲದ ತೋಟದ ಮನೆಯ ಪಡಸಾಲೆಯಲ್ಲಿ ಕೂತು, ರೊಟ್ಟಿ ಮುರಿಯುತ್ತಾ, ತಮ್ಮನ ತಟ್ಟೆಗೆ ಇನ್ನಷ್ಟು ಪುಂಡಿಪಲ್ಯ ಬಡಿಸುವಂತೆ ಹೆಂಡತಿ ಬಸ್ಸಮ್ಮನಿಗೆ ಸನ್ನೆ ಮಾಡುತ್ತಾ, ಮೆಲ್ಲಗೆ ಹೇಳಿದ.

“ತಮ್ಮಾ, ಕೆಳಗಿನ ಅಂಗಡಿಯವ್ರಿಗೆಲ್ಲ ಖಾಲಿ ಮಾಡಾಕ ಹೇಳಿಬಿಡು. ಅದು ಗಾಡಿ ನಿಲ್ಲಸಾಕ ಅಂತ ಬಿಟ್ಟ ಜಾಗ. ಗಾಡಿ ಅಲ್ಲೇ ನಿಲ್ಲಬೇಕು.”

ಕನಕರಾಯನ ಕೈ ತಟ್ಟೆಯಲ್ಲೇ ನಿಂತಿತು. ರಾಯಚೂರಿನಲ್ಲಿ ದೊಡ್ಡಾಸ್ಪತ್ರೆಗೆ ಹೋಗುವ ರಸ್ತೆಯ ಮಗ್ಗುಲಲ್ಲಿ, ಅಪ್ಪನ ಹತ್ತಿ ಅಂಗಡಿ ಇದ್ದ ಜಾಗದಲ್ಲಿ, ಅವನು ಕಟ್ಟಿಸಿದ ಮೂರಂತಸ್ತಿನ ಕಟ್ಟಡಕ್ಕೆ ‘ಉರುಕುಂದಪ್ಪ ಕಾಂಪ್ಲೆಕ್ಸ್’ ಎಂದು ಅಪ್ಪನದೇ ಹೆಸರು. ಊರಿನಲ್ಲಿ ಒಂದೇ ಸೂರಿನಡಿ ಬಟ್ಟೆ, ಪಾತ್ರೆ, ಚಪ್ಪಲಿ, ಬಳೆ, ರೇಡಿಯೋ ಎಲ್ಲ ಸಿಗುವ ಜಾಗ ಅದೊಂದೇ. ದೇವದುರ್ಗ, ಮಾನ್ವಿಯಿಂದ ಮದುವೆಯ ಜವಳಿಗೆ ಬಂದವರು ಮೊದಲು ಹತ್ತುವುದು ಅದರ ಮೆಟ್ಟಿಲನ್ನೇ. ನಕ್ಷೆಯಲ್ಲಿ ಕೆಳಗಿನ ಅಂತಸ್ತು ಬರೀ ಕಂಬಗಳು. ಬಂದವರ ಗಾಡಿಗಳು ನಿಲ್ಲಲಿ ಎಂದು ಬಿಟ್ಟದ್ದು. ನಗರಸಭೆಯವರು ಬಂದು ನೋಡಿ ಹೋದ ಮೇಲೆ ಕನಕರಾಯ ಕಂಬಗಳ ನಡುವೆ ಗೋಡೆ ಎಬ್ಬಿಸಿ ಶಟರ್ ಹಾಕಿಸಿದ್ದ. ಆವತ್ತಿನಿಂದ ಗಾಡಿಗಳು ರಸ್ತೆಯಲ್ಲಿ ನಿಲ್ಲುತ್ತಿದ್ದವು.

“ಎಲ್ಲಾರೂ ಹಂಗ ಮಾಡ್ಯಾರ ಯಣ್ಣಾ,” ಎಂದ ಕನಕರಾಯ. “ರಸ್ತಿ ಸಣ್ಣದದ ಅಂದ್ರ ಅದು ನನ್ನ ತಪ್ಪಾ? ನಗರಸಭೆಯವ್ರು ಅಗಲ ಮಾಡ್ಲಿ.”

“ಹೋದ ಶನಿವಾರ ನಾ ಅಲ್ಲೇ ಇದ್ನೋ,” ಎಂದ ಮಲ್ಲಯ್ಯ. “ಟಾಂಗಾದಾಗ ಒಬ್ಬ ಮುದುಕನ್ನ ಮಲಗಿಸ್ಕೊಂಡು ದವಾಖಾನಿಗೆ ಹೊಂಟಿದ್ರು. ಟಾಂಗಾ ಮುಂದಕೂ ಹೋಗ್ಲಿಲ್ಲ, ಹಿಂದಕೂ ಹೋಗ್ಲಿಲ್ಲ. ನಮ್ಮಪ್ಪನ ಹೆಸರಿನ ಬೋರ್ಡಿನ ಕೆಳಗ ಅವನ ಜೀವ ಹೋತು. ಅವನ ಮಗ ತಲಿ ಎತ್ತಿ ಬೋರ್ಡ್ ಓದಿದ. ನಾ ನೋಡಿದ್ನೋ ಅವನ ಮಕ.”

ಬಸ್ಸಮ್ಮ ಒಳಗೆ ಹೋದಳು. ಮಲ್ಲಯ್ಯ ಕೈ ತೊಳೆದು, ಹೆಗಲ ಮೇಲಿನ ಟವೆಲಿನಿಂದ ಒರೆಸಿಕೊಂಡ. “ರಮಜಾನ್ ನಡದದ. ಅಂಗಡಿಯವ್ರದು ಹಬ್ಬದ ಯಾಪಾರ ಕೆಡಿಸಬ್ಯಾಡ. ಹಬ್ಬ ಮುಗೀಲಿ. ಮರು ಸೋಮವಾರ ನಾನ ನಗರಸಭೆಗೆ ಹೋಗಿ, ಒಡದು ಹಾಕ್ರಿ ಅಂತ ಸಾಹೇಬ್ರ ಮುಂದ ನಿಂತು ಹೇಳ್ತೀನಿ. ಜಾಗ ನನ್ನ ಹೆಸರಿಲೇ ಅದ. ನೀ ಅಡ್ಡ ಬರಬ್ಯಾಡ.”

ಅದು ಬೆದರಿಕೆಯಾಗಿರಲಿಲ್ಲ. ನಾಳೆ ಹೊಲ ಹರಗುತ್ತೇನೆ ಎನ್ನುವಷ್ಟೇ ಸಲೀಸಾಗಿ ಬಂದ ಮಾತು. ಮಲ್ಲಯ್ಯ ಹೇಳಿದ್ದನ್ನು ಮಾಡುವವನು. ಸಣ್ಣವನಿದ್ದಾಗ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟುಬಂದ ಅಣ್ಣ, ಇಷ್ಟು ವರ್ಷ ರಾಯಚೂರಿನ ವ್ಯವಹಾರದ ಕಡೆ ತಲೆಯನ್ನೇ ಹಾಕದ ಅಣ್ಣ, ಈಗ ಊರ ನಡುವೆ ನಿಂತು ತನ್ನ ಶಟರುಗಳಿಗೆ ಹಾರೆ ಹಾಕಿಸುತ್ತಾನೆ. ಕಾಂಪ್ಲೆಕ್ಸ್ ರಾಯರು ಎಂದು ಕೈ ಎತ್ತಿ ನಮಸ್ಕರಿಸುವ ಜನ ಅದನ್ನು ಸುತ್ತಲೂ ನಿಂತು ನೋಡುತ್ತಾರೆ. ಕನಕರಾಯನಿಗೆ ನಷ್ಟಕ್ಕಿಂತ ಆ ನೋಟವೇ ಎದೆಗೆ ಚುಚ್ಚಿತು.

ಆ ಸಂಜೆ ಊರಿಗೆ ಮರಳುವಾಗ ಅವನ ಬಿಳಿ ಅಂಬಾಸಿಡರ್ ಅದೇ ರಸ್ತೆಯಲ್ಲಿ, ಅವನದೇ ಕಟ್ಟಡದ ಮುಂದೆ ಸಿಕ್ಕಿಹಾಕಿಕೊಂಡಿತು. ಬೇರೆ ದಿನವಾಗಿದ್ದರೆ ಹಾರ್ನ್ ಒತ್ತುತ್ತಾ ಬೈಯುತ್ತಿದ್ದ. ಅಂದು ಸುಮ್ಮನೆ ಕೂತು ಸುತ್ತ ನೋಡಿದ. ಟಾಂಗಾದವನು, ರಿಕ್ಷಾದವನು, ಬಸ್ಸಿನ ಕಿಟಕಿಯಲ್ಲಿ ತಲೆ ಹಾಕಿದ ಕಂಡಕ್ಟರ್, ಎಲ್ಲರೂ ಅವನ ಕಾರನ್ನು ನೋಡಿದರು. ಇದು ಕಾಂಪ್ಲೆಕ್ಸ್ ರಾಯರ ಗಾಡಿ ಎಂದು ಗುರುತಿಸಿದರು. ಕಾರಿನೊಳಗೆ ಯಾರಿದ್ದಾರೆ ಎಂದು ಒಬ್ಬರೂ ಬಗ್ಗಿ ನೋಡಲಿಲ್ಲ. ಕಾರು ಇದೆ ಎಂದರೆ ರಾಯರಿದ್ದಾರೆ. ಕಾರು ಕದಲಲಾರದು ಎಂದರೆ ರಾಯರೂ ಕದಲಲಾರರು.

ಅಷ್ಟು ದಿನ ತಲೆನೋವಾಗಿದ್ದ ಆ ರಸ್ತೆ ಒಮ್ಮೆಲೇ ಅವನಿಗೆ ತನ್ನ ಕಡೆಯ ಸಾಕ್ಷಿಯ ಹಾಗೆ ಕಂಡಿತು.

ಮರುದಿನದಿಂದ ಅವನು ಮೇಲಂತಸ್ತಿನ ಆಫೀಸಿನ ಕಿಟಕಿಯಲ್ಲಿ ನಿಂತು ರಸ್ತೆಯನ್ನು ಅಭ್ಯಾಸ ಮಾಡಿದ. ಅದು ಹೇಗೆ ಕಟ್ಟುತ್ತದೆ, ಹೇಗೆ ಬಿಡುತ್ತದೆ ಎಂದು ಇಷ್ಟು ಗಮನವಿಟ್ಟು ಆವರೆಗೆ ಯಾರೂ ನೋಡಿರಲಿಕ್ಕಿಲ್ಲ. ಮೊದಲು ಸೈಕಲ್ಲುಗಳು ಮೆಟ್ಟಿಲಿಗೆ ಒರಗುತ್ತವೆ. ಅವುಗಳ ಬೆನ್ನಿಗೆ ಸ್ಕೂಟರುಗಳು. ಸ್ಕೂಟರುಗಳ ಆಚೆ, ಸವಾರಿ ಇಳಿಸಿದ ಟಾಂಗಾಗಳು ಮತ್ತೆ ಸವಾರಿ ಸಿಗಲೆಂದು ಅಲ್ಲೇ ನಿಲ್ಲುತ್ತವೆ. ಕುದುರೆಗೆ ಹುಲ್ಲು ಹಾಕುತ್ತಾರೆ. ಅಲ್ಲಿಗೆ ಅರ್ಧ ರಸ್ತೆ ಮುಗಿಯಿತು. ಉಳಿದ ಅರ್ಧದಲ್ಲಿ ಬಳೆ, ಹಣ್ಣು, ಶಾವಿಗೆಯ ತಳ್ಳುಗಾಡಿಗಳು. ಇಷ್ಟಾದರೂ ರಸ್ತೆ ಹೇಗೋ ಉಸಿರಾಡುತ್ತದೆ. ಮಂಚ ಮತ್ತು ಕಪಾಟು ಮಾರುವ ಕೆಳಗಿನ ಅಂಗಡಿಗೆ ಒಂದು ಲಾರಿ ಬಂದು ನಿಂತು, ಅದೇ ಹೊತ್ತಿಗೆ ಬಸ್‌ಸ್ಟ್ಯಾಂಡಿನಿಂದ ಮಾನ್ವಿಯ ಬಸ್ಸು ತಿರುಗಿತೆಂದರೆ ಮುಗಿಯಿತು. ಬಸ್ಸಿನ ಹಿಂದೆ ಇನ್ನೊಂದು ಬಸ್ಸು, ಅದರ ಹಿಂದೆ ಹತ್ತಿಕಾಳಿನ ಬಂಡಿ. ಆಮೇಲೆ ಪೊಲೀಸಿನವನ ಸೀಟಿ ಕೇಳುತ್ತದೆ, ಗಾಡಿಗಳು ಮಾತ್ರ ಕದಲುವುದಿಲ್ಲ. ಹೊತ್ತು ಇಳಿಯುವವರೆಗೂ ಹಾಗೆಯೇ.

ಲಾರಿ ಯಾವಾಗ ಬರಬೇಕು ಎಂಬುದು ಅಂಗಡಿಯವನ ಕೈಯಲ್ಲಿತ್ತು. ಅಂಗಡಿಯವನು ಕನಕರಾಯನ ಕೈಯಲ್ಲಿದ್ದ. “ಹಬ್ಬದ ಹಿಂದಿನ ಶನಿವಾರ ಮಧ್ಯಾಹ್ನನ ಮಾಲು ತರಿಸಿಬಿಡು. ಆಮ್ಯಾಗ ಲಾರಿ ಸಿಗಂಗಿಲ್ಲ,” ಎಂದು ಒಂದು ಮಾತು ಹಾಕಿದ. ಅವನು ಒಪ್ಪಿದ.

ಆ ಶನಿವಾರವನ್ನೇ ಆರಿಸಲು ಇನ್ನೊಂದು ಕಾರಣವಿತ್ತು. ದೇವದುರ್ಗದಲ್ಲಿ ಬಸ್ಸಮ್ಮನ ತಂಗಿಯ ಮಗಳ ನಿಶ್ಚಯ. ಬಸ್ಸಮ್ಮ ಹೋಗುತ್ತಾಳೆ, ಜೊತೆಗೆ ಕನಕರಾಯನ ಹೆಂಡತಿ ವೆಂಕಮ್ಮನೂ ಹೋಗುತ್ತಾಳೆ. ಮಲ್ಲಯ್ಯ ಹೋಗುವುದಿಲ್ಲ, ಬೇಸಿಗೆಯಲ್ಲಿ ತೋಟ ಬಿಟ್ಟು ಎಲ್ಲಿಗೂ ಹೋಗುವವನಲ್ಲ. ತೋಟಕ್ಕೆ ಕರೆಂಟು ಬರುವುದು ಮಧ್ಯಾಹ್ನ. ಆಳು ಉಣ್ಣಲು ಊರೊಳಗೆ ಹೋಗುವುದೂ ಆಗಲೇ. ಕರೆಂಟು ಬಂದೊಡನೆ ಮಲ್ಲಯ್ಯ ಬಾವಿಯ ದಂಡೆಯಿಂದ ಮುಂದಕ್ಕೆ ಚಾಚಿದ ಕಲ್ಲುಚಪ್ಪಡಿಗೆ ಇಳಿದು, ಬಗ್ಗಿ ಪಂಪಿಗೆ ನೀರು ಹೊಯ್ಯುತ್ತಾನೆ. ಅವನ ಒಂದು ಮೊಣಕಾಲು ಮಡಚುವುದಿಲ್ಲ. ಈಜು ಬರುವುದಿಲ್ಲ. ಬಾವಿಯಲ್ಲಿ ಬೇಸಿಗೆಯಲ್ಲೂ ಆಳುದ್ದಕ್ಕಿಂತ ಹೆಚ್ಚು ನೀರು. ಹಿಂದಿನ ವರ್ಷ ಅಲ್ಲೇ ಕಾಲು ಜಾರಿ ಪೈಪು ಹಿಡಿದು ಬಚಾವಾದದ್ದನ್ನು ಅವನು ಊರೆಲ್ಲ ನಗುತ್ತಾ ಹೇಳಿಕೊಂಡಿದ್ದ. ಮತ್ತೆ ಜಾರಿದ ಎಂದರೆ ಯಾರು ಅನುಮಾನಪಟ್ಟಾರು?

ಅನುಮಾನ ಬಂದರೂ ಬರಬಹುದು. ಅಣ್ಣತಮ್ಮಂದಿರ ನಡುವೆ ಮಾತು ಬಂದದ್ದು ಕಲ್ಮಲದಲ್ಲಿ ನಾಲ್ಕು ಜನರಿಗೆ ಗೊತ್ತು. ಅದಕ್ಕೇ ರಸ್ತೆ ಬೇಕಿತ್ತು.

ಕಾಂಪ್ಲೆಕ್ಸಿನ ಮಗ್ಗುಲ ಮೆಟ್ಟಿಲಿನಿಂದ ಹಿತ್ತಿಲ ಓಣಿಗೆ ಒಂದು ಹಾದಿ ಇತ್ತು. ಅಲ್ಲಿ ಗೋಡೌನಿನ ಹಳೆಯ ರಾಜದೂತ್ ಮೋಟರ್‌ಸೈಕಲ್ ನಿಂತಿರುತ್ತಿತ್ತು. ಮೇ ತಿಂಗಳ ರಾಯಚೂರಿನಲ್ಲಿ ಮುಖಕ್ಕೆಲ್ಲ ಟವೆಲ್ ಸುತ್ತಿಕೊಂಡು, ಕಣ್ಣಷ್ಟೇ ಬಿಟ್ಟುಕೊಂಡು ಹೋಗುವವರನ್ನು ಯಾರೂ ತಿರುಗಿ ನೋಡುವುದಿಲ್ಲ. ಕಾರಿನ ಹಿಂಬದಿಯ ಕಿಟಕಿಗಳಿಗೆ ಹಸಿರು ಪರದೆಗಳಿದ್ದವು. ಹಬ್ಬಕ್ಕೆ ಹದಿನೈದು ದಿನ ಮುಂಚಿನ ಶನಿವಾರ ಕನಕರಾಯ ಒಮ್ಮೆ ಪರೀಕ್ಷೆ ಮಾಡಿಯೂ ನೋಡಿದ. ಗಾಡಿಗಳ ನಡುವೆ ಕಾರು ನಿಲ್ಲಿಸಿ, ಪರದೆ ಎಳೆದು, ಹಿಂದಿನ ಸೀಟಿನಲ್ಲಿ ಮಲಗಿದ. ಹೊರಗೆ ಜಗತ್ತೇ ಕೂಗಾಡುತ್ತಿತ್ತು. ಗಾಜಿಗೆ ಯಾರೂ ಬಡಿಯಲಿಲ್ಲ. “ರಾಯರು ಮಲಗ್ಯಾರ, ಅಕ್ಕಡಿ ಸರೀರಿ,” ಎಂದು ಯಾರೋ ಇನ್ಯಾರಿಗೋ ಹೇಳಿದ್ದು ಕೇಳಿ ಅವನಿಗೆ ಕತ್ತಲಲ್ಲೇ ನಗು ಬಂತು.

ಆ ಶನಿವಾರ ಬಂತು. ಡ್ರೈವರಿಗೆ ರಜೆ ಕೊಟ್ಟು, ಗರಿಗರಿಯಾದ ಬಿಳಿ ಅಂಗಿ ತೊಟ್ಟು, ಕನಕರಾಯ ತಾನೇ ಕಾರು ನಡೆಸಿಕೊಂಡು ಬಂದ. ರಸ್ತೆ ಅವನು ಬಯಸಿದ್ದಕ್ಕಿಂತ ಚೆನ್ನಾಗಿ ಕಟ್ಟಿತ್ತು. ಹಬ್ಬಕ್ಕೆ ಬಟ್ಟೆ ಕೊಳ್ಳುವವರು, ಮದುವೆಗೆ ಸೀರೆ ಕೊಳ್ಳುವವರು, ಇಳಿಸುತ್ತಿದ್ದ ಕಪಾಟುಗಳು, ತಿರುಗಲಾರದೆ ಓರೆಯಾಗಿ ನಿಂತ ಬಸ್ಸು. ಅವನು ಕಾರನ್ನು ನಿಧಾನವಾಗಿ ತಂದು, ಎಡಬದಿಯ ಬಾಗಿಲು ಮಗ್ಗುಲ ಮೆಟ್ಟಿಲಿಗೆ ಎದುರಾಗುವಂತೆ ನಿಲ್ಲಿಸಿದ. ಹಿಂದೆ ಟಾಂಗಾ ಬಂದು ಸೇರಿತು. ಮುಂದೆ ತಳ್ಳುಗಾಡಿ. ಇನ್ನು ದೇವರೇ ಬಂದರೂ ಕಾರು ಕದಲುವಂತಿರಲಿಲ್ಲ.

ಎಲ್ಲರೂ ನೋಡಬೇಕಲ್ಲ. ಇಳಿದು ಟಾಂಗಾದವನ ಮೇಲೆ ಕೂಗಾಡಿದ. “ಏನಲೇ, ಕಣ್ಣ ಕಾಣಂಗಿಲ್ಲ ನಿನಗ? ನಾ ಸ್ಟೇಷನ್ನಿಗೆ ಹೋಗಬೇಕು!”

“ನಾನೂ ಹೋಗಬೇಕ್ರೀ ಯಪ್ಪಾ. ಕುದ್ರಿಗೆ ರೆಕ್ಕಿ ಇಲ್ಲ, ಏನು ಮಾಡ್ಲಿ?” ಎಂದ ಟಾಂಗಾದವನು. ಸುತ್ತಲಿನವರು ನಕ್ಕರು. ಕನಕರಾಯ ಸಿಟ್ಟಿನಿಂದ ಕೈ ಬೀಸಿದ. ಒಳಗೆ ತೃಪ್ತಿಯಾಗಿತ್ತು, ಅಷ್ಟೂ ಮಂದಿ ತನ್ನನ್ನು ನೆನಪಿಟ್ಟುಕೊಳ್ಳುತ್ತಾರೆ.

ಮುಂದಿದ್ದ ಶಾವಿಗೆಯ ಗಾಡಿ ದಸ್ತಗೀರ್ ಸಾಬನದು. ಕಾಂಪ್ಲೆಕ್ಸ್ ಕಟ್ಟಿದಾಗಿನಿಂದಲೂ ಅಲ್ಲೇ ಗಾಡಿ ಹಚ್ಚುತ್ತಿದ್ದ ಮುದುಕ. “ರಾಯರಾ, ಇವತ್ತ ಸಂಜಿ ರೋಜಾ ಬಿಡೋತನಕ ಗಾಡಿ ಅಲ್ಲಾಡಂಗಿಲ್ಲ. ಸುಮ್ಮನ ಬಿಸಿಲಾಗ ಯಾಕ ನಿಲ್ತೀರಿ?” ಎಂದ.

“ತಲಿ ಸಿಡ್ಯಾಕತ್ತದ ದಸ್ತಗೀರ್ ಸಾಬ್. ಒಳಗ ಒಂದಿಷ್ಟು ಅಡ್ಡಾಗ್ತೀನಿ. ಯಾರೂ ಎಬ್ಬಿಸಬ್ಯಾಡ್ರಿ.”

“ಆರಾಮ ಮಲಕೊಳ್ರಿ. ನಾ ಅದೀನಲ್ಲ.”

ಹಿಂದಿನ ಸೀಟಿಗೆ ಹೋಗಿ ಪರದೆಗಳನ್ನು ಎಳೆದ. ಸ್ವಲ್ಪ ಹೊತ್ತು ಕತ್ತಲಲ್ಲಿ ಕೂತು, ಬಿಳಿ ಅಂಗಿಯ ಮೇಲೆ ಖಾಕಿ ಅಂಗಿ ತೊಟ್ಟ, ಟವೆಲ್ ಸುತ್ತಿಕೊಂಡ. ಬಸ್ಸಿನವನೂ ಬಂಡಿಯವನೂ ಜೋರಾಗಿ ಬೈದಾಡಿಕೊಳ್ಳತೊಡಗಿ, ಎಲ್ಲರ ತಲೆ ಅತ್ತ ತಿರುಗಿದಾಗ ಎಡಬಾಗಿಲು ತೆರೆದು ಮೆಟ್ಟಿಲ ನೆರಳಿಗೆ ಜಾರಿದ. ಬಾಗಿಲಿಗೆ ಬೀಗ ಹಾಕಲಿಲ್ಲ. ಬೀಗದ ಮುಂದೆ ಬಗ್ಗಿ ನಿಂತವನನ್ನು ಜನ ನೋಡುತ್ತಾರೆ. ತಿರುಗಿ ಬಂದಾಗಲೂ ಒಂದೇ ಉಸಿರಿಗೆ ಒಳಗೆ ಸೇರಬೇಕು. ಅದೂ ಅಲ್ಲದೆ ರಾಯರು ಮಲಗಿರುವ ಕಾರಿನ ಬಾಗಿಲಿಗೆ ಕೈ ಹಾಕುವ ಧೈರ್ಯ ಈ ಊರಿನಲ್ಲಿ ಯಾರಿಗಿದೆ?

ಕಲ್ಮಲಕ್ಕೆ ಹೋಗುವ ಲಿಂಗಸೂಗೂರಿನ ರಸ್ತೆಯಲ್ಲಿ ಬಿಸಿಗಾಳಿ ಮುಖಕ್ಕೆ ರಾಚುತ್ತಿತ್ತು. ಊರು ದಾಟಿದ ಮೇಲೆ ರಸ್ತೆ ಖಾಲಿ. ಒಂದೆರಡು ಲಾರಿ ಬಿಟ್ಟರೆ ಯಾರೂ ಎದುರಾಗಲಿಲ್ಲ. ತೋಟಕ್ಕಿಂತ ಮೊದಲೇ ಜಾಲಿಯ ಮರೆಯಲ್ಲಿ ಮೋಟರ್‌ಸೈಕಲ್ ನಿಲ್ಲಿಸಿ, ಬದುವಿನ ಗುಂಟ ನಡೆದ. ಟವೆಲ್ ಬಿಚ್ಚಿದ. ಅಣ್ಣ ಬೆದರಿ ಕೂಗಬಾರದು. ಗುರುತು ಸಿಕ್ಕರೆ ಕೂಗುವುದಿಲ್ಲ.

ಮಲ್ಲಯ್ಯ ಚಪ್ಪಡಿಯ ಮೇಲೆ ಬಗ್ಗಿ, ತಂಬಿಗೆಯಿಂದ ಪಂಪಿಗೆ ನೀರು ಹೊಯ್ಯುತ್ತಿದ್ದ. ಒಣಗಿದ ಎಲೆಯ ಸದ್ದಿಗೆ ಕತ್ತು ಹೊರಳಿಸಿದ.

“ಯಾರು? ನೀನೇನೋ?” ಮುಖ ಅರಳಿತು. “ಇಂಥ ಬಿಸಿಲಾಗ ಬಂದೀಯಲ್ಲೋ. ನಿಮ್ಮ ವೈನಿನೂ ಇಲ್ಲ, ದೇವದುರ್ಗಕ್ಕ ಹೋಗ್ಯಾಳ. ತಡಿ, ಮಜ್ಜಿಗಿ ಅದ ಒಳಗ. ಹೋದ ಸಲ ನೀ ಮಾತಾಡದ ಎದ್ದು ಹೋದಿ, ನನಗ ಅನ್ನ ಸೇರ್ಲಿಲ್ಲ ನೋಡು.” ತಂಬಿಗೆಯನ್ನು ಕೆಳಗಿಟ್ಟು ಕೈ ಚಾಚಿದ. “ಹಿಡಿ, ಮ್ಯಾಕ ಎತ್ತು. ಈ ಕಾಲು ಮಡಚಂಗಿಲ್ಲ.”

ಕನಕರಾಯ ಕೈ ಹಿಡಿದ. ಒರಟಾದ, ಒದ್ದೆಯಾದ ಕೈ. ಮಲ್ಲಯ್ಯ ಪೂರಾ ಭಾರವನ್ನು ಆ ಹಿಡಿತಕ್ಕೆ ಬಿಟ್ಟು, ಏಳಲು ಮೈ ಎತ್ತಿದ. ಆಗ ಕನಕರಾಯ ಕೈ ಬಿಟ್ಟ. ನೂಕಬೇಕಾಗಲೇ ಇಲ್ಲ.

ಅಣ್ಣ ಕೂಗಲಿಲ್ಲ. ನೀರಿನ ಸದ್ದು ಕಲ್ಲಿನ ಗೋಡೆಗಳಲ್ಲಿ ತುಂಬಿಕೊಂಡಿತು. ಆಮೇಲೆ ಒಂದು ಸಲ, ಒಂದೇ ಸಲ, “ತಮ್ಮಾ” ಎಂದದ್ದು ಕೇಳಿತು. ಕನಕರಾಯ ಬಾವಿಯ ಕಡೆ ನೋಡದೆ, ಎದುರಿನ ಬೇವಿನ ಮರವನ್ನು ನೋಡುತ್ತಾ ನಿಂತ. ಅದರ ಕೊಂಬೆಯಲ್ಲಿ ಅಳಿಲೊಂದು ಮೇಲಕ್ಕೂ ಕೆಳಕ್ಕೂ ಓಡುತ್ತಿತ್ತು. ಸದ್ದು ನಿಂತಿತು. ಪಂಪಿನ ಸ್ವಿಚ್ಚು ಮುಟ್ಟಬೇಡ, ತಂಬಿಗೆ ಹಾಗೇ ಇರಲಿ, ಬದುವಿನ ಒಣನೆಲದಲ್ಲೇ ನಡೆ ಎಂದು ತನಗೆ ತಾನೇ ಹೇಳಿಕೊಂಡದ್ದನ್ನೆಲ್ಲ ತಪ್ಪದೆ ಪಾಲಿಸಿದ. ಮೋಟರ್‌ಸೈಕಲ್ ಹತ್ತಿರ ಬಂದಾಗ ಮಾತ್ರ ಅಂಗೈ ಇನ್ನೂ ಒದ್ದೆ ಇರುವುದು ಗೊತ್ತಾಯಿತು. ಬಿಸಿಗಾಳಿಗೆ ಅದು ಕೂಡಲೇ ಒಣಗಿತು.

ಮರಳುವ ದಾರಿಯಲ್ಲಿ ಮನಸ್ಸು ಆಶ್ಚರ್ಯವಾಗುವಷ್ಟು ತಿಳಿಯಾಗಿತ್ತು. ಮುಂದಿನದನ್ನು ಯೋಚಿಸಿದ. ತಿಥಿಯನ್ನು ದೊಡ್ಡದಾಗಿ ಮಾಡಬೇಕು. ಬಸ್ಸಮ್ಮನನ್ನು ರಾಯಚೂರಿಗೆ ಕರೆತಂದು ಮನೆಯಲ್ಲಿ ಇಟ್ಟುಕೊಳ್ಳಬೇಕು. ಮಕ್ಕಳಿಲ್ಲದವಳು, ಮೈದುನ ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾಳೆ. ಕಾಂಪ್ಲೆಕ್ಸಿನ ಮೆಟ್ಟಿಲ ಬಳಿ ಅಣ್ಣನ ಫೋಟೋ ಹಾಕಿಸಬೇಕು, ದಿನಾ ಹೂವಿನ ಹಾರ.

ಹಿತ್ತಿಲ ಓಣಿಯಲ್ಲಿ ಖಾಕಿ ಅಂಗಿ ಕಳಚಿ ಗೋಣಿಚೀಲಗಳ ಕೆಳಗೆ ತುರುಕಿ, ಬಿಳಿ ಅಂಗಿ ಕೊಡವಿಕೊಂಡು, ಹಾದಿ ದಾಟಿ ಮೆಟ್ಟಿಲ ಬಳಿ ಬಂದವನು ಗಕ್ಕನೆ ನಿಂತ.

ಕಾರು ಅಲ್ಲಿರಲಿಲ್ಲ. ರಸ್ತೆ ಬಿಟ್ಟಿತ್ತು.

ಬಸ್ಸು ಹೋಗಿತ್ತು. ಟಾಂಗಾಗಳು ಸಾಗುತ್ತಿದ್ದವು. ಸಂಜೆಯವರೆಗೆ ಬಿಡಬಾರದಿದ್ದ ರಸ್ತೆ ಅಷ್ಟು ಬೇಗ ಹೇಗೆ ಬಿಟ್ಟಿತು? ಕಣ್ಣಾಡಿಸಿದ. ಆಚೆ ಬದಿಯ ಗೋಡೆಗೆ ಒತ್ತಿ, ಅವನ ಅಂಬಾಸಿಡರ್ ನಿಂತಿತ್ತು. ಪರದೆಗಳು ಎಳೆದ ಹಾಗೇ ಇದ್ದವು. ಅವನಿಗೆ ಉಸಿರು ಬಂತು. ಯಾರೋ ತಳ್ಳಿ ಬದಿಗೆ ಸರಿಸಿದ್ದಾರೆ, ಅಷ್ಟೇ. ಒಳಗೆ ರಾಯರು ಮಲಗಿದ್ದಾರೆಂದು ತಿಳಿದೇ ತಳ್ಳಿರುತ್ತಾರೆ. ಪೊಲೀಸಿನವನು ಚೌಕದ ಕಡೆ ಸೀಟಿ ಊದುತ್ತಿದ್ದ. ಆಸ್ಪತ್ರೆಯ ಕಡೆ ಒಂದು ಗುಂಪು ಏನನ್ನೋ ಹಿಂಬಾಲಿಸಿ ಹೋಗುತ್ತಿತ್ತು. ಎಲ್ಲರ ಬೆನ್ನು ಇವನ ಕಡೆಗಿತ್ತು. ಹೊತ್ತು ಕಳೆಯದೆ ರಸ್ತೆ ದಾಟಿ, ಮುಂದಿನ ಬಾಗಿಲು ತೆರೆದು ಕೂತ.

ಗಿರಾಕಿಗಳ ನಡುವೆ ಸಿಕ್ಕಿಕೊಂಡಿದ್ದ ದಸ್ತಗೀರ್ ಸಾಬ ತಲೆ ಎತ್ತಿ, ಇವನನ್ನು ಕಂಡು ಹಲ್ಲೆಲ್ಲ ತೋರಿಸಿ ನಕ್ಕ. “ಮುಬಾರಕ್ ರಾಯರಾ!” ಎಂದು ಕೈ ಎತ್ತಿ ಕೂಗಿದ. ಇನ್ನೂ ಏನೋ ಅಂದ. ಹಿಂದಿನ ಲಾರಿಯ ಹಾರ್ನಿನಲ್ಲಿ ಅದು ಕೇಳಿಸಲಿಲ್ಲ. ಹಬ್ಬಕ್ಕೆ ಇನ್ನೂ ದಿನಗಳಿರುವಾಗಲೇ ಮುದುಕನಿಗೆ ಅವಸರ ಎಂದುಕೊಂಡು ಕನಕರಾಯನೂ ಕೈ ಎತ್ತಿದ, ಕಾರು ಹೊರಡಿಸಿದ.

ಕಾರಿನೊಳಗೆ ಒದ್ದೆಯ ವಾಸನೆ. ಹೊರಳಿ ನೋಡಿದರೆ ಹಿಂದಿನ ಸೀಟಿನ ಟವೆಲ್ ಬಟ್ಟೆಯ ಹೊದಿಕೆ ಇಲ್ಲ. ಸೀಟಿನ ಮೇಲೆ ನೀರು ಚೆಲ್ಲಿ ಒರೆಸಿದಂತಿತ್ತು. ಬಾಗಿಲು ತೆರೆದಿರುವುದನ್ನು ಕಂಡು ಯಾವನೋ ಕಳ್ಳ ಕೈ ಹಾಕಿದ್ದಾನೆ. ಕಾರನ್ನು ನಿಧಾನಿಸಿ ಇನ್ನೊಮ್ಮೆ ಹೊರಳಿ ನೋಡಿದ. ಆಮೇಲೆ ಧೈರ್ಯ ತಂದುಕೊಂಡ. ಕಾರಿನಲ್ಲಿ ರಾಯರಿರಲಿಲ್ಲ ಎಂದು ಕಳ್ಳ ಯಾರ ಮುಂದೆ ಹೋಗಿ ಹೇಳುತ್ತಾನೆ?

ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡ. ಖಾಲಿ ಮನೆಯಲ್ಲಿ ಕೂತು ಹೇಳಬೇಕಾದ ಮಾತುಗಳನ್ನು ಹೊಂದಿಸಿಕೊಂಡ. ಕಾರು ಬದಿಗೆ ಸರಿದದ್ದಕ್ಕೂ ಅದರಲ್ಲಿ ಒಂದು ಜಾಗ ಮಾಡಿದ. ಸುಳ್ಳಿಗೆ ಅಂಥ ಸಣ್ಣ ನಿಜಗಳೇ ಬಲ.

ದೀಪ ಹಚ್ಚುವ ಹೊತ್ತಿಗೆ ಜೀಪು ಬಂತು. ಇಳಿದವನು ಎಸ್‌ಐ ಶಂಶುದ್ದೀನ್. ಬೀದರ್ ಕಡೆಯಿಂದ ವರ್ಗವಾಗಿ ಬಂದು ತಿಂಗಳೂ ಕಳೆದಿರಲಿಲ್ಲ. ಕನಕರಾಯ ಅವನ ಹೆಸರು ಕೇಳಿದ್ದ, ಮುಖ ನೋಡಿರಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಬಾಗಿಲಲ್ಲೇ ನಿಂತು ಹೇಳಿದ. “ಕೂತ್ಕೊಳ್ರಿ ರಾಯರ. ಕೆಟ್ಟ ಸುದ್ದಿ ತಂದೀನಿ. ಕಲ್ಮಲದಾಗ ನಿಮ್ಮ ಅಣ್ಣಾವ್ರು ಬಾವ್ಯಾಗ ಬಿದ್ದಾರ. ಆಳು ಬಂದು ನೋಡೋದ್ರಾಗ ಎಲ್ಲ ಮುಗದಿತ್ತಂತ.”

ಕನಕರಾಯ ಮುಖ ಮುಚ್ಚಿಕೊಂಡ. ಅಳಬೇಕೆಂದು ತೀರ್ಮಾನಿಸಿಕೊಂಡಿದ್ದ, ಆದರೆ ಬಂದ ಅಳು ನಿಜವಾದದ್ದಾಗಿತ್ತು. “ಯಣ್ಣಾ” ಎಂದು ಬಾಯಿಂದ ಹೊರಟದ್ದು ಬಾವಿಯಿಂದ ಕೇಳಿದ ದನಿಯ ಹಾಗೇ ಇತ್ತು. ಎಸ್‌ಐ ಅವಸರ ಮಾಡಲಿಲ್ಲ. ಅಳು ಇಳಿಯುವವರೆಗೆ ಕಾದು, ಕುಡಿಯಲು ನೀರು ಕೇಳಿದ. ಈಗಷ್ಟೇ ರೋಜಾ ಬಿಟ್ಟದ್ದು, ಗಂಟಲು ಒಣಗಿದೆ ಎಂದ.

“ಈ ಹೊತ್ತಿನ್ಯಾಗ ಕೇಳಬಾರದು,” ಎಂದ ನೀರು ಕುಡಿದು. “ಆದ್ರ ನಿಮ್ಮಿಬ್ಬರ ನಡುವ ಏನೋ ಮಾತು ಬಂದಿತ್ತು ಅಂತ ಆಳು ಹೇಳ್ಯಾನ. ಮ್ಯಾಲಿನವ್ರು ಕೇಳೇ ಕೇಳ್ತಾರ. ಮಧ್ಯಾಹ್ನ ಎಲ್ಲಿದ್ರಿ ಅಂತ ಒಂದು ಮಾತು ಹೇಳಿಬಿಡ್ರಿ.”

“ಎಲ್ಲಿರ್ತೀನ್ರೀ? ರಸ್ತ್ಯಾಗ ಸಿಕ್ಕೊಂಡಿದ್ದೆ,” ಎಂದ ಕನಕರಾಯ ಕಣ್ಣೊರೆಸಿಕೊಳ್ಳುತ್ತಾ. “ನಮ್ಮ ಕಾಂಪ್ಲೆಕ್ಸ್ ಮುಂದ. ಬೇಕಾದ್ರ ದಸ್ತಗೀರ್ ಸಾಬನ್ನ ಕೇಳ್ರಿ, ಟಾಂಗಾದವನ್ನ ಕೇಳ್ರಿ. ಊರ ಮಂದಿನೇ ನೋಡ್ಯಾರ.”

“ಕೇಳೀನಿ. ನೀವು ತಲಿನೋವು ಅಂತ ಗಾಡ್ಯಾಗ ಮಲಗಿದ್ರಂತ.”

“ಹೌದ್ರಿ. ಹಿಂದಿನ ಸೀಟಿನ್ಯಾಗ.”

“ನಿದ್ದಿ ಹತ್ತಿತ್ತೇನು?”

ಕನಕರಾಯ ಅರೆಗಳಿಗೆ ಯೋಚಿಸಿದ. ನಿದ್ದೆ ಎಂದರೆ, ತಳ್ಳಿದಾಗಲೂ ಏಳಲಿಲ್ಲವೇ ಎಂದು ಕೇಳಬಹುದು. “ಆ ಗದ್ದಲದಾಗ ನಿದ್ದಿ ಎಲ್ಲಿ ಬರ್ತದ್ರಿ? ಕಣ್ಣ ಮುಚ್ಚಿಕೊಂಡಿದ್ದೆ, ಎಚ್ಚರನ ಇದ್ದೆ. ಕಡೀಕ ಮಂದಿ ಬಂದು ಗಾಡಿ ಬದೀಗ ತಳ್ಳಿದ್ರು. ನಾನ ಮುಂದ ಬಂದು ಸ್ಟೇರಿಂಗ್ ಹಿಡಕೊಂಡೆ.”

“ನಡುವ ಎದ್ದು ಎಲ್ಲೂ ಹೋಗ್ಲಿಲ್ಲ?”

“ಗಾಡಿ ಬಿಟ್ಟು ಒಂದ ಹೆಜ್ಜಿ ಕದಲಿಲ್ರೀ. ನಮ್ಮಪ್ಪನ ಆಣಿ.”

ಎಸ್‌ಐ ಲೋಟವನ್ನು ಮೆಲ್ಲಗೆ ಟೀಪಾಯಿಯ ಮೇಲಿಟ್ಟ. ಟೋಪಿ ಹಾಕಿಕೊಂಡ. ಬಾಗಿಲಾಚೆ ಇಬ್ಬರು ಪೇದೆಗಳು ಮೆಟ್ಟಿಲ ಹತ್ತಿರ ಬಂದು ನಿಂತಿರುವುದು ಕನಕರಾಯನಿಗೆ ಆಗ ಕಂಡಿತು.

“ಮಾನ್ವಿ ಕಡಿಯಾಕಿ ಒಬ್ಬಾಕಿ ಹೆರಿಗಿ ಬ್ಯಾನಿ ತಿನಕೋತ ಟಾಂಗಾದಾಗ ದವಾಖಾನಿಗೆ ಹೊಂಟಿದ್ಲು,” ಎಂದ ಶಂಶುದ್ದೀನ್, ದನಿ ಏರಿಸದೆ. “ನಿಮ್ಮ ಕಾಂಪ್ಲೆಕ್ಸ್ ಮುಂದ ಟಾಂಗಾ ನಿಂತುಬಿಡ್ತು. ಹಬ್ಬದ ಸಂತಿಗೆ ಬಂದ ಹೆಣ್ಣಮಕ್ಕಳು ಆಕಿನ್ನ ಇಳಿಸಿ, ಮಂದಿ ಕಣ್ಣಿಗೆ ಬೀಳದ ಜಾಗ ಹುಡುಕಿದ್ರು. ಪರದಿ ಇದ್ದ ಗಾಡಿ ಅಂದ್ರ ಅಲ್ಲಿ ನಿಮ್ಮದೊಂದ. ಬಾಗಲಾ ಬಡದ್ರು, ಕರದ್ರು, ಮೈಕಿನ್ಯಾಗ ನಿಮ್ಮ ಹೆಸರು ಕೂಗಿಸಿದ್ರು. ಬಾಗಲಾ ತೆಗದೇ ಇತ್ತು, ಒಳಗ ಯಾರೂ ಇದ್ದಿಲ್ಲ. ಆಕಿ ಅಲ್ಲೇ ಹಡದ್ಲು ರಾಯರ, ನಿಮ್ಮ ಹಿಂದಿನ ಸೀಟಿನ್ಯಾಗ. ಅಷ್ಟೊತ್ತೂ ಆ ಬಾಗಲಕ್ಕ ಬೆನ್ನು ಕೊಟ್ಟು ಮಂದಿನ್ನ ತಡದು ನಿಂತಾಂವ ನಾನ. ಆಮ್ಯಾಗ ಗಾಡಿ ತಳ್ಳಿಸಿದಾಂವನೂ ನಾನ. ನೀವು ಒಳಗ ಇದ್ರಿ, ಎಚ್ಚರನೂ ಇದ್ರಿ. ಹಂಗಾದ್ರ ಹೇಳ್ರಿ ನೋಡಾಮ, ಕೂಸು ಗಂಡೋ, ಹೆಣ್ಣೋ?”